ಡಲ್ಲಾಸ್ ಮತ್ತು ಸುತ್ತಲಿನ ಊರುಗಳ ಸರ್ಕಾರಿ ಶಾಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಸ್‌ನ ಡಲ್ಲಾಸ್ ಕಡೆಗೆ ಕೆಲಸದ ಮೇಲೆ ಬರುವ ಕನ್ನಡ ಕುಟುಂಬಗಳು ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಿಯಮಗಳು ಟೆಕ್ಸಸ್ ರಾಜ್ಯದವು. ಬೇರೆ ರಾಜ್ಯದಲ್ಲಿರುವವರು ಇವನ್ನೇ ನಂಬಿಕೊಂಡು ಹೋಗಬೇಡಿ.

## ಮನೆ ಹುಡುಕುವ ಮುಂಚೆ

"ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೇನಾ?"

ಹೆಸರಷ್ಟೇ ಹಾಗೆ. ನಮ್ಮಲ್ಲಿ ಬಿಇಒ, ಡಿಡಿಪಿಐ ಎಲ್ಲರೂ ಬೆಂಗಳೂರಿನ ಇಲಾಖೆಯ ಕೆಳಗೆ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ತಾನೇ ಒಂದು ಪುಟ್ಟ ಸರ್ಕಾರ. ಅದಕ್ಕೆ ಚುನಾಯಿತ ಮಂಡಳಿ ಇದೆ, ತೆರಿಗೆ ಹಾಕುವ ಅಧಿಕಾರ ಇದೆ, ತನ್ನದೇ ಗಡಿ ಇದೆ. ಹೆಸರಿನ ಕೊನೆಯಲ್ಲಿ ಬರುವ ಐಎಸ್‌ಡಿಯಲ್ಲಿ 'ಐ' ಅಂದರೆ ಇಂಡಿಪೆಂಡೆಂಟ್, ಸ್ವತಂತ್ರ ಎಂದು. ಊರಿನ ಮೇಯರ್‌ಗೆ ಶಾಲೆಯ ಮೇಲೆ ಯಾವ ಹಿಡಿತವೂ ಇಲ್ಲ. ಟೆಕ್ಸಸ್‌ನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಡಲ್ಲಾಸ್ ಸುತ್ತ ನಮ್ಮವರ ಬಾಯಲ್ಲಿ ಓಡಾಡುವ ಹೆಸರುಗಳು ಡಲ್ಲಾಸ್, ರಿಚರ್ಡ್‌ಸನ್, ಪ್ಲೇನೋ, ಫ್ರಿಸ್ಕೊ, ಕಾಪೆಲ್, ಇರ್ವಿಂಗ್, ಲೂಯಿಸ್‌ವಿಲ್, ಆ್ಯಲೆನ್, ಮಕಿನಿ, ಪ್ರಾಸ್ಪರ್ ಮತ್ತು ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚ್.

"ಅಡ್ರೆಸ್‌ನಲ್ಲಿ ಇರ್ವಿಂಗ್ ಅಂತಿದೆ. ಹಾಗಾದ್ರೆ ಇರ್ವಿಂಗ್ ಸ್ಕೂಲೇ ಅಲ್ವಾ?"

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಊರಿನ ಗಡಿಯೇ ಬೇರೆ, ಡಿಸ್ಟ್ರಿಕ್ಟ್ ಗಡಿಯೇ ಬೇರೆ. ಇರ್ವಿಂಗ್ ಊರೊಳಗೇ ಇರ್ವಿಂಗ್ ಐಎಸ್‌ಡಿ, ಕಾಪೆಲ್ ಐಎಸ್‌ಡಿ, ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚ್ ಐಎಸ್‌ಡಿ ಮೂರೂ ಇವೆ. ಭಾರತೀಯರು ತುಂಬಿರುವ ವ್ಯಾಲಿ ರಾಂಚ್ ಬಡಾವಣೆಯಲ್ಲಿ ಒಂದು ಭಾಗ ಕಾಪೆಲ್‌ಗೆ, ಇನ್ನೊಂದು ಭಾಗ ಕ್ಯಾರಲ್ಟನ್-ಫಾರ್ಮರ್ಸ್ ಬ್ರಾಂಚ್‌ಗೆ ಸೇರುತ್ತದೆ. ರಾಂಚ್‌ವ್ಯೂ ಹೈಸ್ಕೂಲ್ ಕಟ್ಟಡ ಇರುವುದು ಇರ್ವಿಂಗ್‌ನಲ್ಲಿ, ಆದರೆ ಅದು ಇರ್ವಿಂಗ್ ಐಎಸ್‌ಡಿಯದಲ್ಲ.

ಇದಕ್ಕಿಂತ ತಮಾಷೆಯದು ಸೈಪ್ರೆಸ್ ವಾಟರ್ಸ್. ಅಲ್ಲಿನ ಅಪಾರ್ಟ್‌ಮೆಂಟುಗಳು ಡಲ್ಲಾಸ್ ನಗರದ ಮಿತಿಯೊಳಗಿವೆ, ಮಕ್ಕಳು ಹೋಗುವುದು ಕಾಪೆಲ್ ಐಎಸ್‌ಡಿಗೆ. ಫ್ರಿಸ್ಕೊ ಊರಿನ ಕೆಲವು ಅಂಚುಗಳು ಪ್ರಾಸ್ಪರ್, ಲಿಟಲ್ ಎಲ್ಮ್, ಲೂಯಿಸ್‌ವಿಲ್ ಡಿಸ್ಟ್ರಿಕ್ಟ್‌ಗಳಲ್ಲಿವೆ. ಅತ್ತ ಪ್ಲೇನೋ, ಮಕಿನಿ ಊರುಗಳ ಕೆಲವು ಭಾಗ ಫ್ರಿಸ್ಕೊ ಐಎಸ್‌ಡಿಯಲ್ಲಿವೆ. ಲೇಕ್ ಹೈಲ್ಯಾಂಡ್ಸ್ ಇರುವುದು ಡಲ್ಲಾಸ್ ನಗರದಲ್ಲಿ, ಅದರ ಶಾಲೆಗಳು ರಿಚರ್ಡ್‌ಸನ್ ಐಎಸ್‌ಡಿಯವು. ಹಾಗಾಗಿ "ಯಾವ ಊರು ಒಳ್ಳೆಯದು?" ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. ಮನೆ ನಂಬರ್, ಬೀದಿ ಹೆಸರು ಇಟ್ಟುಕೊಂಡು ಕೇಳಿ.

"ಬಾಡಿಗೆಗೆ ಸಹಿ ಹಾಕೋ ಮುಂಚೆ ಸ್ಕೂಲ್ ಯಾವುದು ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?"

ಬಾಡಿಗೆ ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರನ್ನು ನಂಬಬೇಡಿ. ಗಡಿ ಬದಲಾಗಿ ಎರಡು ವರ್ಷವಾದರೂ ಹಳೆಯದೇ ಉಳಿದಿರುತ್ತದೆ. ಮೊದಲು ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿರುವ ಸ್ಕೂಲ್ ಲೊಕೇಟರ್‌ನಲ್ಲಿ ಪೂರ್ತಿ ವಿಳಾಸ ಹಾಕಿ, ಮುಂದಿನ ಶೈಕ್ಷಣಿಕ ವರ್ಷವನ್ನು ಆರಿಸಿ. ಈ ವರ್ಷದ್ದನ್ನು ನೋಡಿ ಆಗಸ್ಟ್‌ನಲ್ಲಿ ಪೆಚ್ಚಾದವರು ಬೇಕಾದಷ್ಟಿದ್ದಾರೆ. ಆಮೇಲೆ ಆಸ್ತಿಯ ಬೆಲೆ ಕಟ್ಟುವ ಕಚೇರಿಯಾದ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಅದೇ ವಿಳಾಸ ಹುಡುಕಿ. ಕಾಲಿನ್, ಡಲ್ಲಾಸ್, ಡೆಂಟನ್ ಮೂರೂ ಕೌಂಟಿಗಳಿಗೆ ಪ್ರತ್ಯೇಕವಾಗಿವೆ. ಆ ಮನೆ ಯಾವ ಐಎಸ್‌ಡಿಗೆ ತೆರಿಗೆ ಕಟ್ಟುತ್ತದೋ ಅದೇ ಅದರ ಡಿಸ್ಟ್ರಿಕ್ಟ್. ಕೊನೆಗೆ ಶಾಲೆಯ ಆಫೀಸಿಗೆ ಫೋನ್ ಮಾಡಿ, ನಿಮ್ಮ ಮಗುವಿನ ತರಗತಿಯಲ್ಲಿ ಸೀಟು ಇದೆಯೇ, 'ಕ್ಯಾಪ್' ಆಗಿದೆಯೇ ಎಂದು ವಿಚಾರಿಸಿ.

ಈ ಕ್ಯಾಪ್ ವಿಷಯ ಸ್ವಲ್ಪ ತಿಳಿದಿರಲಿ. ಟೆಕ್ಸಸ್‌ನಲ್ಲಿ ನಾಲ್ಕನೇ ತರಗತಿವರೆಗೆ ಒಂದು ಕ್ಲಾಸಿನಲ್ಲಿ 22 ಮಕ್ಕಳ ಮಿತಿ ಇದೆ. ಅದನ್ನು ಮೀರಬೇಕಾದರೆ ಡಿಸ್ಟ್ರಿಕ್ಟ್ ರಾಜ್ಯದಿಂದ ವಿನಾಯಿತಿ ಪಡೆಯಬೇಕು. ಸೀಟು ಭರ್ತಿಯಾದರೆ ನಿಮ್ಮ ಮನೆ ಎದುರಿಗಿನ ಶಾಲೆ ಬಿಟ್ಟು ಅದೇ ಡಿಸ್ಟ್ರಿಕ್ಟ್‌ನ ಇನ್ನೊಂದು ಶಾಲೆಗೆ ಮಗುವನ್ನು ಕಳುಹಿಸಬಹುದು.

"ಫೀಸ್ ಎಷ್ಟು? ಡೊನೇಶನ್ ಏನಾದ್ರೂ?"

ಎರಡೂ ಇಲ್ಲ. ಆ ಗಡಿಯೊಳಗೆ ವಾಸ ಇದ್ದರೆ ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿವರೆಗೆ ಉಚಿತ. ನೋಟ್‌ಬುಕ್, ಪೆನ್ಸಿಲ್ ಸಾಮಗ್ರಿ, ಊಟ, ಬ್ಯಾಂಡ್ ವಾದ್ಯ, ಕ್ರೀಡೆ ಇಂಥವಕ್ಕೆ ಚಿಲ್ಲರೆ ಖರ್ಚು ಬರುತ್ತದೆ. ಪಿಟಿಎ, ಅಂದರೆ ಪೋಷಕರ ಮತ್ತು ಶಿಕ್ಷಕರ ಸಂಘದ ಚಂದಾ ಐಚ್ಛಿಕ.

"ನಾವು ಎಚ್-4. ಮಗೂಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ಸೇರಿಸ್ಕೋತಾರಾ?"

ಎಚ್-4 ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ. ಸೇರಿಸಿಕೊಳ್ಳಲೇಬೇಕು. ಆ ನಂಬರ್ ಇಲ್ಲದ ಮಗುವಿಗೆ ರಾಜ್ಯದ ಬೇರೆ ಗುರುತಿನ ಸಂಖ್ಯೆ ಕೊಡುತ್ತಾರೆ. ವೀಸಾ ಯಾವುದು, ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಶಾಲೆಗೆ ಬೇಕಾದ ವಿಷಯವೇ ಅಲ್ಲ. ಇದರ ಬೇರು ಇರುವುದೂ ಟೆಕ್ಸಸ್‌ನಲ್ಲೇ: ಟೈಲರ್ ಎಂಬ ಊರಿನ ಡಿಸ್ಟ್ರಿಕ್ಟ್, ದಾಖಲೆ ಇಲ್ಲದ ಮಕ್ಕಳಿಂದ ಶುಲ್ಕ ಕೇಳಿದ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ವಲಸೆ ಸ್ಥಿತಿಯ ಕಾರಣಕ್ಕೆ ಯಾವ ಮಗುವಿಗೂ ಉಚಿತ ಶಿಕ್ಷಣ ನಿರಾಕರಿಸುವಂತಿಲ್ಲ ಎಂದಿತು.

"ಮಗಳು ಬೆಂಗಳೂರಲ್ಲಿ ಯುಕೆಜಿ ಮುಗಿಸಿದ್ದಾಳೆ. ಫಸ್ಟ್ ಗ್ರೇಡ್ ಸಿಗುತ್ತಾ?"

ಇಲ್ಲಿ ಲೆಕ್ಕ ಓದಿದ್ದರದ್ದಲ್ಲ, ವಯಸ್ಸಿನದ್ದು. ಸೆಪ್ಟೆಂಬರ್ 1ಕ್ಕೆ 5 ತುಂಬಿದ್ದರೆ ಕಿಂಡರ್‌ಗಾರ್ಟನ್, 6 ತುಂಬಿದ್ದರೆ ಫಸ್ಟ್ ಗ್ರೇಡ್. 2026ರ ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಬೇಕಾದರೆ 2021ರ ಸೆಪ್ಟೆಂಬರ್ 1ರ ಒಳಗೆ ಹುಟ್ಟಿರಬೇಕು. ಸೆಪ್ಟೆಂಬರ್ 2ಕ್ಕೆ ಹುಟ್ಟಿದ ಮಗು ಇನ್ನೊಂದು ವರ್ಷ ಕಾಯಬೇಕು. ಯುಕೆಜಿ ಮುಗಿಸಿದ ಅಕ್ಟೋಬರ್ ಮಗು ಮತ್ತೆ ಕಿಂಡರ್‌ಗಾರ್ಟನ್‌ನಲ್ಲಿ ಕೂರುವುದು ಮಾಮೂಲಿ. ಅದರಿಂದ ಒಂದು ವರ್ಷ ಹಾಳಾಯಿತು ಎಂದು ಕೊರಗುವ ಅಗತ್ಯವಿಲ್ಲ. ಹೊಸ ಊರು, ಹೊಸ ಉಚ್ಚಾರಣೆ, ಊಟದ ಡಬ್ಬಿಯ ಬಗ್ಗೆ ಹೊಸ ಪ್ರಶ್ನೆಗಳು: ಇಷ್ಟೆಲ್ಲ ಎದುರಿಸುವಾಗ ಪಾಠ ಸುಲಭ ಅನಿಸಿದರೆ ಒಳ್ಳೆಯದೇ.

"ನಾಲ್ಕು ವರ್ಷದವನಿಗೆ ಏನೂ ಇಲ್ವಾ? ಡೇಕೇರ್ ಫೀಸ್ ಕೊಟ್ಟು ಕೊಟ್ಟು ಸಾಕಾಗಿದೆ."

ಇದೆ, ಆದರೆ ಎಲ್ಲರಿಗೂ ಅಲ್ಲ. ಸೆಪ್ಟೆಂಬರ್ 1ಕ್ಕೆ 4 ತುಂಬಿದ ಮಗು ಕಡಿಮೆ ಆದಾಯದ ಕುಟುಂಬದ್ದಾಗಿದ್ದರೆ, ಅಥವಾ ಇಂಗ್ಲಿಷ್ ಮಾತಾಡಲು, ಅರ್ಥ ಮಾಡಿಕೊಳ್ಳಲು ಬಾರದಿದ್ದರೆ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಉಚಿತ. ಇನ್ನೂ ಕೆಲವು ಅರ್ಹತೆಗಳಿವೆ. ಎರಡನೆಯ ಅರ್ಹತೆಗೆ ಆದಾಯದ ಮಿತಿ ಇಲ್ಲ. ಮನೆಯಲ್ಲಿ ಕನ್ನಡವೇ ಆಡುವ, ಈಗಷ್ಟೇ ಊರಿಂದ ಬಂದ ಮಗುವಿಗೆ ಇದು ಸಿಗುತ್ತದೆ. ಭಾಷಾ ಪರೀಕ್ಷೆ ಮಾಡಿ ನಿರ್ಧರಿಸುತ್ತಾರೆ. 2019ರ ಕಾನೂನಿನ ಪ್ರಕಾರ ಅರ್ಹ ನಾಲ್ಕು ವರ್ಷದ ಮಕ್ಕಳಿಗೆ ಪೂರ್ತಿ ದಿನದ ತರಗತಿ. "ನಮ್ಮ ಸಂಬಳಕ್ಕೆ ಸಿಗಲ್ಲ" ಎಂದು ಕೇಳದೆಯೇ ಬಿಟ್ಟವರು ಬಹಳ.

## ದಾಖಲಾತಿಯ ಹೊತ್ತಿಗೆ

"ಏನೇನು ಕಾಗದ ಬೇಕು?"

ಮಗುವಿನ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್, ಲಸಿಕೆ ದಾಖಲೆ, ಹಿಂದಿನ ಶಾಲೆಯ ಅಂಕಪಟ್ಟಿ ಮತ್ತು ಟಿಸಿ, ತಂದೆ ಅಥವಾ ತಾಯಿಯ ಫೋಟೊ ಇರುವ ಗುರುತಿನ ಚೀಟಿ, ವಾಸದ ಪುರಾವೆ. ವಾಸಕ್ಕೆ ಸಹಿ ಆದ ಬಾಡಿಗೆ ಕರಾರು ಮತ್ತು ಇತ್ತೀಚಿನ ಕರೆಂಟು ಅಥವಾ ನೀರಿನ ಬಿಲ್ಲು ಕೇಳುತ್ತಾರೆ. ಬಾಡಿಗೆ ಕರಾರಿನ ಮೊದಲ ಪುಟ ಮಾತ್ರ ಅಪ್‌ಲೋಡ್ ಮಾಡಿ ಸಹಿಯ ಪುಟ ಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮಗುವಿನ ಹೆಸರೂ ಕರಾರಿನ ನಿವಾಸಿಗಳ ಪಟ್ಟಿಯಲ್ಲಿ ಇರಲಿ.

ಜನನ ಪ್ರಮಾಣಪತ್ರ, ಹಳೆ ಅಂಕಪಟ್ಟಿ ಕೈಗೆ ಬರುವುದು ತಡವಾದರೆ ಸೇರಿದ 30 ದಿನದೊಳಗೆ ಕೊಡಬಹುದು. ಅದಕ್ಕಾಗಿ ಮಗುವನ್ನು ಮನೆಯಲ್ಲಿ ಕೂರಿಸಬೇಕಿಲ್ಲ. ಬರೀ ಕನ್ನಡದಲ್ಲಿರುವ ಹಳೆಯ ಪ್ರಮಾಣಪತ್ರವಾದರೆ ಇಂಗ್ಲಿಷ್ ಅನುವಾದ ಜೊತೆಗಿಡಿ.

ಸ್ನೇಹಿತರ ಮನೆಯಲ್ಲಿ ತಾತ್ಕಾಲಿಕವಾಗಿ ಇದ್ದೀರಾದರೆ, ಆ ಮನೆಯವರು ನೋಟರಿ ಮುಂದೆ ಸಹಿ ಹಾಕುವ ವಾಸದ ಅಫಿಡವಿಟ್ ಇರುತ್ತದೆ. ಅಲ್ಲಿ ನಿಜವಾಗಿ ವಾಸವಿದ್ದರೆ ಮಾತ್ರ ಬಳಸಿ. ಸುಳ್ಳು ವಿಳಾಸ ಕೊಡುವುದು ಟೆಕ್ಸಸ್‌ನಲ್ಲಿ ಅಪರಾಧ, ಮೇಲಾಗಿ ಅಷ್ಟು ದಿನದ ಓದಿನ ಖರ್ಚನ್ನು ಡಿಸ್ಟ್ರಿಕ್ಟ್ ವಸೂಲು ಮಾಡಬಹುದು.

"ಎಲ್ಲಾ ಲಸಿಕೆ ಹಾಕಿಸಿದ್ದೀವಿ, ಆದ್ರೂ ನರ್ಸ್ ಸಾಲದು ಅಂತಾರೆ. ಯಾಕೆ?"

ಕಾರಣ ಬಹುತೇಕ ಈ ನಾಲ್ಕರಲ್ಲಿ ಒಂದು.

ದಿನಾಂಕ. ಇದು ಲಸಿಕೆಯ ತಪ್ಪೇ ಅಲ್ಲ, ಓದುವ ತಪ್ಪು. 2020ರ ಜುಲೈ 20ಕ್ಕೆ ಹುಟ್ಟಿದ ಮಗುವಿಗೆ 05/08/2021ರಂದು ಎಂಎಂಆರ್ (ದಡಾರ, ಮಂಪ್ಸ್, ರುಬೆಲ್ಲಾ ಲಸಿಕೆ) ಹಾಕಿಸಿದ್ದೀರಿ ಎನ್ನಿ. ನಮಗೆ ಅದು ಆಗಸ್ಟ್ 5, ಮೊದಲ ಹುಟ್ಟುಹಬ್ಬ ಕಳೆದ ಮೇಲೆ. ನರ್ಸ್ ಅದನ್ನು ಮೇ 8 ಎಂದು ಓದುತ್ತಾರೆ, ಹುಟ್ಟುಹಬ್ಬಕ್ಕೆ ಮುಂಚೆ. ಡೋಸ್ ಅಸಿಂಧು. ಹಾಗಾಗಿ ಊರು ಬಿಡುವ ಮೊದಲು ಮಕ್ಕಳ ಡಾಕ್ಟರ ಹತ್ತಿರ ತಿಂಗಳನ್ನು ಅಕ್ಷರದಲ್ಲಿ ಬರೆದ ಪಟ್ಟಿ ಮಾಡಿಸಿ, ಸಹಿ, ಮೊಹರು ಹಾಕಿಸಿಕೊಳ್ಳಿ.

ಒಂಬತ್ತನೇ ತಿಂಗಳ ದಡಾರ ಲಸಿಕೆ. ಟೆಕ್ಸಸ್‌ಗೆ ಎಂಎಂಆರ್ 2 ಡೋಸ್ ಬೇಕು, ಮೊದಲನೆಯದು ಒಂದು ವರ್ಷ ತುಂಬಿದ ಮೇಲೆಯೇ ಆಗಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಎಂಆರ್. ಅದರಲ್ಲಿ ಮಂಪ್ಸ್ ಇರುವುದಿಲ್ಲ.

ಪೋಲಿಯೊ ಹನಿ. 2016ರ ಏಪ್ರಿಲ್‌ನಲ್ಲಿ ಭಾರತ ಮೂರು ಬಗೆಯ ವೈರಸ್ಸಿನ ಹನಿಯಿಂದ ಎರಡು ಬಗೆಯದಕ್ಕೆ ಬದಲಾಯಿತು. ಆ ನಂತರದ ಹನಿಗಳನ್ನು ಅಮೆರಿಕದ ಲೆಕ್ಕದಲ್ಲಿ ಹಿಡಿಯುವುದಿಲ್ಲ, ಪಲ್ಸ್ ಪೋಲಿಯೊ ಎಷ್ಟೇ ಸಲ ಹಾಕಿಸಿರಲಿ. ಚುಚ್ಚುಮದ್ದಿನ ಐಪಿವಿ ಬೇಕು.

ವೇರಿಸೆಲ್ಲಾ (ಚಿಕನ್‌ಪಾಕ್ಸ್), ಹೆಪಟೈಟಿಸ್-ಎ. ಇವು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಇಲ್ಲಿ ಎರಡಕ್ಕೂ 2 ಡೋಸ್ ಕಡ್ಡಾಯ. ಏಳನೇ ತರಗತಿಗೆ ಬರುವವರಿಗೆ ಇದರ ಮೇಲೆ ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮು) ಮತ್ತು ಮೆನಿಂಜೊಕಾಕಲ್ (ಮೆದುಳಿನ ಪೊರೆಯ ಸೋಂಕು) ಲಸಿಕೆಗಳು ಸೇರುತ್ತವೆ.

ಬೇಕಾದ ಪ್ರತಿ ಲಸಿಕೆಯ ಕನಿಷ್ಠ ಒಂದು ಡೋಸ್ ಆಗಿದ್ದು, ಉಳಿದದ್ದು ವೇಳಾಪಟ್ಟಿಯಂತೆ ನಡೆಯುತ್ತಿದ್ದರೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳುತ್ತಾರೆ. ಇದರರ್ಥ ಒಂದು ಡೋಸೂ ಆಗದ ಲಸಿಕೆಗಳನ್ನು ಊರಿನಲ್ಲೇ ಹಾಕಿಸಿಕೊಂಡು ಬಂದರೆ ವಾರಗಟ್ಟಲೆ ಉಳಿಯುತ್ತದೆ.

"ಮಗನಿಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಫಾರ್ಮಲ್ಲಿ ಏನು ಬರೆಯೋದು?"

ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಸರ್‌ನೇಮ್ ಜಾಗ ಖಾಲಿ ಇದ್ದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಕಡೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಚುಟುಕು) ಎಂದು ಅಚ್ಚಾಗಿರುತ್ತದೆ. ಅದನ್ನೇ ಹೆಸರೆಂದು ಟೈಪ್ ಮಾಡಿದರೆ ಹಾಜರಿ ಕೂಗುವಾಗ ಟೀಚರು "ಫ್ನು" ಎನ್ನುತ್ತಾರೆ, ಮಗು ಸುಮ್ಮನೆ ಕೂತಿರುತ್ತದೆ. ಫಾರ್ಮ್‌ನಲ್ಲಿ ಕರೆಯುವ ಹೆಸರಿಗೆ ಬೇರೆ ಜಾಗ ಇದ್ದರೆ ಅಲ್ಲಿ ನಿಜವಾದ ಹೆಸರು ಬರೆಯಿರಿ, ಮೊದಲ ದಿನ ಟೀಚರಿಗೆ ಒಂದು ಸಾಲಿನ ಇಮೇಲ್ ಹಾಕಿ.

"ಮನೆ ಭಾಷೆ ಕನ್ನಡ ಅಂತ ಬರೆದ್ರೆ ಮಗೂನ ಇಎಸ್ಎಲ್‌ಗೆ ಹಾಕಿಬಿಡ್ತಾರಂತೆ. ಇಂಗ್ಲಿಷ್ ಅಂತ ಬರೀಲಾ?"

ನಿಜವನ್ನೇ ಬರೆಯಿರಿ, ಆದರೆ ಆಮೇಲೆ ಏನಾಗುತ್ತದೆ ಎಂದು ತಿಳಿದು ಬರೆಯಿರಿ. ಮನೆ ಭಾಷೆಯ ಸಮೀಕ್ಷೆಯಲ್ಲಿ, ಮನೆಯಲ್ಲಿ ಹೆಚ್ಚು ಆಡುವ ಭಾಷೆ ಯಾವುದು, ಮಗು ಹೆಚ್ಚು ಆಡುವ ಭಾಷೆ ಯಾವುದು ಎಂದು ಕೇಳುತ್ತಾರೆ. ಇಂಗ್ಲಿಷ್ ಬಿಟ್ಟು ಬೇರೆ ಉತ್ತರ ಬಂದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡಿ ನಾಲ್ಕು ವಾರದೊಳಗೆ ಸಮಿತಿ ತೀರ್ಮಾನಿಸುತ್ತದೆ. ಚೆನ್ನಾಗಿ ಮಾಡಿದ ಮಗು ಅಲ್ಲಿಗೇ ಬಿಡುಗಡೆ. ಸಾಲದಾದರೆ ಇಎಸ್ಎಲ್, ಅಂದರೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನೆರವು ಸೂಚಿಸುತ್ತಾರೆ. ನೀವು ಬೇಡ ಎನ್ನಬಹುದು, ಆದರೆ ಬೇಡ ಎಂದರೂ ಆ ಗುರುತು ಉಳಿಯುತ್ತದೆ, ಪ್ರತಿ ವರ್ಷ ವಸಂತದಲ್ಲಿ ಟೆಲ್ಪಾಸ್ ಎಂಬ ಇಂಗ್ಲಿಷ್ ಪರೀಕ್ಷೆ ತಪ್ಪುವುದಿಲ್ಲ.

ಬರೆದದ್ದು ತಪ್ಪಾಗಿದ್ದರೆ ತಿದ್ದಿಸಬಹುದು: ಪರೀಕ್ಷೆಗೆ ಮುಂಚೆ, ಸೇರಿದ ಎರಡು ವಾರದೊಳಗೆ. ಆಮೇಲೆ ಬಾಗಿಲು ಮುಚ್ಚಿತು. ಅಪ್ಪ ಅಮ್ಮ ಇಬ್ಬರೂ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತ, ಅಭಿಮಾನಕ್ಕೆ 'ಕನ್ನಡ' ಎಂದು ಬರೆದು ಆಮೇಲೆ ಒದ್ದಾಡುವವರೂ ಇದ್ದಾರೆ. ಹಾಗೆಯೇ ನಿಜವಾಗಿ ನೆರವು ಬೇಕಿದ್ದ ಮಗುವನ್ನು ನಾಚಿಕೆಗೆ ಅದರಿಂದ ದೂರ ಇಟ್ಟವರೂ ಇದ್ದಾರೆ. ಎರಡನೆಯದರ ನಷ್ಟ ದೊಡ್ಡದು.

## ಶಾಲೆ ಶುರುವಾದ ಮೇಲೆ

"ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ ಹೋದ್ರೆ ಏನಾಗುತ್ತೆ?"

ಟೆಕ್ಸಸ್‌ನಲ್ಲಿ ಶಾಲೆಗೆ ಬರುವ ರಾಜ್ಯದ ಹಣ ದಾಖಲಾದ ಮಕ್ಕಳ ಲೆಕ್ಕದಲ್ಲಲ್ಲ, ದಿನದ ಸರಾಸರಿ ಹಾಜರಿಯ ಲೆಕ್ಕದಲ್ಲಿ. ನಿಮ್ಮ ಮಗು ಬರದ ಪ್ರತಿ ದಿನ ಶಾಲೆಗೆ ಖೋತಾ. ಅಷ್ಟು ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಅರ್ಧ ಉತ್ತರ ಇದೇ.

ಎರಡು ನಿಯಮ ಬೇರೆ ಬೇರೆ. ಒಂದು, ತರಗತಿ ನಡೆದ ದಿನಗಳಲ್ಲಿ ಶೇ 90 ಹಾಜರಿ ಇಲ್ಲದಿದ್ದರೆ ಕ್ರೆಡಿಟ್, ಅಂದರೆ ಆ ವಿಷಯ ಮುಗಿಸಿದ ಲೆಕ್ಕ, ತಡೆಯಬಹುದು. 170 ದಿನ ಎಂದಿಟ್ಟುಕೊಂಡರೆ 17 ದಿನದ ಗೈರು ಮಿತಿ. ಎರಡು, ಆರು ತಿಂಗಳಲ್ಲಿ 10 ದಿನ ಕಾರಣವಿಲ್ಲದ ಗೈರು ಆದರೆ ವಿಷಯ ಕೋರ್ಟಿನವರೆಗೂ ಹೋಗಬಹುದು. ನಾಲ್ಕು ವಾರದಲ್ಲಿ 3 ದಿನವಾದಾಗಲೇ ಎಚ್ಚರಿಕೆ ಪತ್ರ ಬರುತ್ತದೆ. ಅಜ್ಜಿಯ ಮನೆಗೆ ಹೋಗಿದ್ದು 'ಕಾರಣ' ಅಲ್ಲ.

ಎರಡು ವಾರದ ಚಳಿಗಾಲದ ರಜೆಗೆ ಮುಂದೆ ಹಿಂದೆ ನಾಲ್ಕೈದು ದಿನ ಸೇರಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಅದಕ್ಕಿಂತ ಉದ್ದವಾದರೆ ಶಾಲೆಯಿಂದ ಬಿಡಿಸಿ, ಬಂದಮೇಲೆ ಮತ್ತೆ ಸೇರಿಸುವುದು ಶುದ್ಧವಾದ ದಾರಿ. ಆದರೆ ಅಷ್ಟರಲ್ಲಿ ಆ ತರಗತಿ ಭರ್ತಿಯಾಗಿದ್ದರೆ ಬೇರೆ ಶಾಲೆಗೆ ಹೋಗಬೇಕಾದೀತು, ಕೇಳಿಕೊಂಡು ಮಾಡಿ.

"ದೀಪಾವಳಿಗೆ ರಜೆ ಹಾಕಿದ್ರೆ ಗೈರು ಅಂತ ಹಾಕ್ತಾರಾ?"

ಧಾರ್ಮಿಕ ಹಬ್ಬದ ದಿನಕ್ಕೆ, ಅದಕ್ಕಾಗಿ ಮಾಡುವ ಪ್ರಯಾಣದ ದಿನಕ್ಕೂ ರಾಜ್ಯದ ಕಾನೂನಿನಲ್ಲೇ ರಜೆ ಇದೆ. ಮುಂಚಿತವಾಗಿ ಬರೆದು ಕೊಡಿ, ತಪ್ಪಿದ ಪಾಠ ಮಾಡಿಸಿ. ಡಾಕ್ಟರ ಬಳಿ ಹೋದ ದಿನವೂ ಅಷ್ಟೆ: ಅದೇ ದಿನ ಶಾಲೆಗೆ ಬಂದು, ಡಾಕ್ಟರ ಚೀಟಿ ಕೊಟ್ಟರೆ ಹಾಜರಿ ಸಿಗುತ್ತದೆ.

"ಬಸ್ ಬರುತ್ತಾ?"

ರಾಜ್ಯದ ಹಣ ಬರುವುದು ಶಾಲೆಯಿಂದ 2 ಮೈಲಿ, ಅಂದರೆ 3.2 ಕಿಲೋಮೀಟರಿನಾಚೆ ಇರುವವರಿಗೆ. ಅದಕ್ಕಿಂತ ಹತ್ತಿರವಾದರೆ ಹೆದ್ದಾರಿ ದಾಟುವಂಥ ಅಪಾಯದ ದಾರಿ ಇದ್ದಾಗ ಮಾತ್ರ ನಿರೀಕ್ಷಿಸಿ.

"ರೇಟಿಂಗ್ 9 ಇರೋ ಸ್ಕೂಲ್ ಬಿಟ್ಟು 6 ಇರೋದಕ್ಕೆ ಹೋಗಬಹುದಾ?"

ಖಂಡಿತ ಹೋಗಬಹುದು. ಮನೆ ಮಾರುವ ಜಾಲತಾಣಗಳ ಅಂಕಿ ಮುಖ್ಯವಾಗಿ ಪರೀಕ್ಷೆಯ ಫಲಿತಾಂಶ, ಅದು ಬಹುಮಟ್ಟಿಗೆ ಆ ಬಡಾವಣೆಯ ಆದಾಯದ ನೆರಳು. ರಾಜ್ಯ ಕೊಡುವ 'ಎ'ಯಿಂದ 'ಎಫ್'ವರೆಗಿನ ಶ್ರೇಣಿಯಲ್ಲಿ, ಮಕ್ಕಳು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂದರು ಎಂಬ ಪ್ರಗತಿಯ ಭಾಗ ಬೇರೆಯೇ ಇರುತ್ತದೆ. ಅದನ್ನು ಬಿಡಿಸಿ ನೋಡಿ. ಮೂರರಿಂದ ಎಂಟನೇ ತರಗತಿವರೆಗೆ ಮತ್ತು ಹೈಸ್ಕೂಲಿನ ಕೆಲವು ವಿಷಯಗಳಿಗೆ ಇರುವ ರಾಜ್ಯದ ಸ್ಟಾರ್ ಪರೀಕ್ಷೆ 2027-28ರಿಂದ ಹೋಗಿ, ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆಗಳು ಬರಲಿವೆ. ಹಳೆಯ ಅಂಕಿಗಳ ಮೇಲೆ ಮನೆಸಾಲ ಕಟ್ಟುವ ಮೊದಲು ಇದೂ ನೆನಪಿರಲಿ.

"ಮಗ ಇನ್ನೂ ಸರಿಯಾಗಿ ಮಾತಾಡಲ್ಲ. ಟೀಚರ್ 'ಎರಡು ಭಾಷೆ ಅಲ್ವಾ, ಸರಿಹೋಗುತ್ತೆ' ಅಂತಾರೆ. ಕಾಯೋಣ್ವಾ?"

ಮೊದಲು ಮನೆಯಲ್ಲೇ ಗಮನಿಸಿ. "ನಾಳೆ ಅಜ್ಜಿ ಬರ್ತಾರೆ, ಅದಕ್ಕೆ ನಾನು ಪಾರ್ಕಿಗೆ ಬರಲ್ಲ" ಎಂಬಂಥ, ಎರಡು ವಿಷಯ ಜೋಡಿಸುವ ಮಾತು ಕನ್ನಡದಲ್ಲಿ ಸಲೀಸಾಗಿ ಆಡುವ ಐದು ವರ್ಷದ ಮಗುವಿಗೆ ಬೇಕಿರುವುದು ಇಂಗ್ಲಿಷ್ ಮತ್ತು ಸ್ವಲ್ಪ ಸಮಯ. ಕನ್ನಡದಲ್ಲೂ ಬಿಡಿಬಿಡಿ ಪದಗಳಲ್ಲೇ ನಿಂತಿದ್ದರೆ ಅದು ಎರಡು ಭಾಷೆಯ ಸಮಸ್ಯೆ ಅಲ್ಲ. ಕಾಯಬೇಡಿ.

ವಿಶೇಷ ಶಿಕ್ಷಣದ ಮೌಲ್ಯಮಾಪನವನ್ನು ಬಾಯಿಮಾತಿನಲ್ಲಿ ಕೇಳಿದರೆ ಗಡಿಯಾರ ಓಡಲು ಶುರುವಾಗುವುದಿಲ್ಲ. ಪ್ರಿನ್ಸಿಪಾಲರಿಗೆ ಅಥವಾ ವಿಶೇಷ ಶಿಕ್ಷಣದ ನಿರ್ದೇಶಕರಿಗೆ ದಿನಾಂಕ ಹಾಕಿ ಇಮೇಲ್ ಬರೆಯಿರಿ. 15 ಶಾಲಾ ದಿನಗಳಲ್ಲಿ ಅವರು ಒಪ್ಪಿಗೆ ಪತ್ರ ಕೊಡಬೇಕು ಅಥವಾ ಯಾಕೆ ಮಾಡುವುದಿಲ್ಲ ಎಂದು ಬರೆದು ತಿಳಿಸಬೇಕು. ನೀವು ಸಹಿ ಹಾಕಿದ 45 ಶಾಲಾ ದಿನಗಳಲ್ಲಿ ವರದಿ, ಅದಾಗಿ 30 ದಿನದೊಳಗೆ ಎಆರ್‌ಡಿ ಸಭೆ, ಅಂದರೆ ಮಗುವಿಗೆ ಯಾವ ನೆರವು ಎಂದು ನೀವೂ ಕೂತು ತೀರ್ಮಾನಿಸುವ ಸಮಿತಿಯ ಸಭೆ. ಸಭೆಗೆ ಕನ್ನಡ ದುಭಾಷಿ ಬೇಕೆಂದರೆ ಡಿಸ್ಟ್ರಿಕ್ಟ್ ತನ್ನ ಖರ್ಚಿನಲ್ಲಿ ಒದಗಿಸಬೇಕು. ಈ ಹಕ್ಕು ಮೂರು ವರ್ಷದ ಮಗುವಿನಿಂದಲೇ ಶುರು.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. 2004ರಿಂದ ಟೆಕ್ಸಸ್‌ನಲ್ಲಿ ವಿಶೇಷ ಶಿಕ್ಷಣದ ಮಕ್ಕಳ ಪ್ರಮಾಣ ಶೇ 8.5ರ ಆಸುಪಾಸಿನಲ್ಲಿರಬೇಕೆಂಬ ಗುರಿ ಸದ್ದಿಲ್ಲದೆ ನಡೆದಿತ್ತು. 2016ರಲ್ಲಿ ಪತ್ರಿಕಾ ವರದಿಯಿಂದ ಹೊರಬಿತ್ತು, ಮರುವರ್ಷ ಕಾನೂನು ಮಾಡಿಯೇ ಅದನ್ನು ನಿಷೇಧಿಸಿದರು.

"ಮ್ಯಾಥ್ಸ್‌ನಲ್ಲಿ ತುಂಬಾ ಮುಂದಿದ್ದಾನೆ. ಒಂದು ಕ್ಲಾಸ್ ಹಾರಿಸಬಹುದಾ?"

ಒಂದೇ ವಿಷಯವನ್ನೂ ಹಾರಬಹುದು, ಇಡೀ ತರಗತಿಯನ್ನೂ ಹಾರಬಹುದು. ಅದರ ಹೆಸರು ಕ್ರೆಡಿಟ್ ಬೈ ಎಕ್ಸಾಮ್. ಪಾಠ ಕೇಳದೆ ಬರೆಯುವವರಿಗೆ 80 ಅಂಕ ಬೇಕು. ಒಂದರಿಂದ ಐದರೊಳಗೆ ಪೂರ್ತಿ ತರಗತಿ ಹಾರಬೇಕಾದರೆ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ನಾಲ್ಕರಲ್ಲೂ ತಲಾ 80, ಜೊತೆಗೆ ಶಾಲೆಯ ಶಿಫಾರಸು. ನಮ್ಮ ಮಕ್ಕಳು ಮುಗ್ಗರಿಸುವುದು ಗಣಿತದಲ್ಲಲ್ಲ, ಸಮಾಜದಲ್ಲಿ: ಅಲಾಮೊ ಕೋಟೆ, ಟೆಕ್ಸಸ್ ಗಣರಾಜ್ಯ ಇವೆಲ್ಲ ನಾಲ್ಕನೇ ತರಗತಿಯ ಪಾಠ. ನೋಂದಣಿಯ ಕೊನೆ ದಿನ ಪರೀಕ್ಷೆಗೆ ವಾರಗಳ ಮುಂಚೆಯೇ ಇರುತ್ತದೆ.

## ಇನ್ನಷ್ಟು ಆಳಕ್ಕೆ

"ಡಲ್ಲಾಸ್ ಐಎಸ್‌ಡಿ ಅಂದ್ರೆ ಎಲ್ಲರೂ ಮೂಗು ಮುರೀತಾರೆ. ನಿಜಾನಾ?"

ಮೂಗು ಮುರಿಯುವವರಲ್ಲಿ ಟೌನ್‌ವ್ಯೂ ಬಗ್ಗೆ ಕೇಳಿದವರು ಕಡಿಮೆ. ಡಲ್ಲಾಸ್ ಐಎಸ್‌ಡಿ ಹ್ಯೂಸ್ಟನ್ ನಂತರ ರಾಜ್ಯದ ಎರಡನೇ ದೊಡ್ಡ ಡಿಸ್ಟ್ರಿಕ್ಟ್. ಅದರ ಟೌನ್‌ವ್ಯೂ ಕೇಂದ್ರದೊಳಗಿರುವ ಟ್ಯಾಲೆಂಟೆಡ್ ಆ್ಯಂಡ್ ಗಿಫ್ಟೆಡ್ ಶಾಲೆ, ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್ ಶಾಲೆ ದೇಶದ ಪಟ್ಟಿಗಳಲ್ಲಿ ಮೇಲೆಯೇ ಇರುತ್ತವೆ. ಗಾಯಕಿ ನೋರಾ ಜೋನ್ಸ್ ಓದಿದ್ದು ಇಲ್ಲಿನ ಬೂಕರ್ ಟಿ. ವಾಷಿಂಗ್ಟನ್ ಕಲಾ ಹೈಸ್ಕೂಲಿನಲ್ಲಿ.

ಇಂಥವಕ್ಕೆ, ಅಂದರೆ ಒಂದು ವಿಷಯಕ್ಕೆ ಒತ್ತು ಕೊಟ್ಟು ಅರ್ಜಿಯ ಮೇಲೆ ಸೇರಿಸಿಕೊಳ್ಳುವ ಶಾಲೆಗಳಿಗೆ, ಮ್ಯಾಗ್ನೆಟ್ ಎನ್ನುತ್ತಾರೆ. ಇವು ಸುಮ್ಮನೆ ಹುಟ್ಟಿದ್ದಲ್ಲ. ಕಪ್ಪು ಮತ್ತು ಬಿಳಿ ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದುದರ ವಿರುದ್ಧ 1970ರಲ್ಲಿ ಹೂಡಿದ ಮೊಕದ್ದಮೆ 2003ರವರೆಗೂ ಡಿಸ್ಟ್ರಿಕ್ಟನ್ನು ಕೋರ್ಟಿನ ಕಣ್ಗಾವಲಿನಲ್ಲಿ ಇಟ್ಟಿತ್ತು. ಎಪ್ಪತ್ತರ ದಶಕದ ಮ್ಯಾಗ್ನೆಟ್‌ಗಳು ಅದರ ಫಲ. ಅದೇ ಕಾಲಕ್ಕೆ ಬಿಳಿಯ ಕುಟುಂಬಗಳು ಹೊರವಲಯಕ್ಕೆ ಹೊರಟವು. ನಗರದ ನಟ್ಟನಡುವೆ ಹೈಲ್ಯಾಂಡ್ ಪಾರ್ಕ್ ಐಎಸ್‌ಡಿ ಎಂಬ ಶ್ರೀಮಂತ ದ್ವೀಪ ಮಾತ್ರ ಪ್ರತ್ಯೇಕವಾಗಿಯೇ ಉಳಿದಿದೆ. ಇಂದಿನ "ಒಳ್ಳೆ ಡಿಸ್ಟ್ರಿಕ್ಟ್" ಎಂಬ ಮಾತಿನ ಹಿಂದೆ ಈ ಚರಿತ್ರೆ ಇದೆ. ಮ್ಯಾಗ್ನೆಟ್‌ಗೆ ಅರ್ಜಿ ಹಿಂದಿನ ಚಳಿಗಾಲದಲ್ಲೇ ಮುಗಿಯುತ್ತದೆ. ಡಿಸ್ಟ್ರಿಕ್ಟ್ ಒಳಗಿನವರಿಗೆ ಆದ್ಯತೆ.

"ಸ್ಟೇಡಿಯಂಗೆ ದುಡ್ಡಿದೆ, ಟೀಚರ್‌ಗಿಲ್ಲ. ಇದೇನು ನ್ಯಾಯ?"

ಆ್ಯಲೆನ್ ಹೈಸ್ಕೂಲಿನ 18,000 ಆಸನದ ಫುಟ್‌ಬಾಲ್ ಮೈದಾನ ನೋಡಿದವರೆಲ್ಲ ಕೇಳುವ ಪ್ರಶ್ನೆ. 60 ಮಿಲಿಯನ್ ಡಾಲರಿನ ಅದು 2012ರಲ್ಲಿ ತೆರೆದು, ಕಾಂಕ್ರೀಟ್ ಬಿರುಕು ಬಿಟ್ಟು 2014ರಲ್ಲಿ ಮುಚ್ಚಿ, ಮರುವರ್ಷ ಮತ್ತೆ ತೆರೆಯಿತು.

ಡಿಸ್ಟ್ರಿಕ್ಟ್‌ಗೆ ಎರಡು ಹುಂಡಿ. ಒಂದರಿಂದ ಸಂಬಳ, ಕರೆಂಟು, ದಿನದ ಖರ್ಚು. ಇನ್ನೊಂದರಿಂದ ಕಟ್ಟಡಕ್ಕೆ ಮಾಡಿದ ಬಾಂಡ್ ಸಾಲದ ತೀರುವಳಿ. ಬಾಂಡಿನ ಹಣದಿಂದ ಸಂಬಳ ಕೊಡುವಂತಿಲ್ಲ. ಬಾಂಡಿಗೆ ಮತದಾರರ ಒಪ್ಪಿಗೆ ಬೇಕು, ಅದು ಯಾವಾಗಲೂ ಸಿಗುವುದೂ ಇಲ್ಲ: 2024ರ ನವೆಂಬರ್‌ನಲ್ಲಿ ಫ್ರಿಸ್ಕೊದ ಮತದಾರರು 100 ಕೋಟಿ ಡಾಲರಿಗೂ ಮೀರಿದ ಬಾಂಡನ್ನು ತಿರಸ್ಕರಿಸಿದರು. ಇನ್ನು ಮೊದಲ ಹುಂಡಿಗೆ ರಾಜ್ಯ ಪ್ರತಿ ಮಗುವಿಗೆ ಕೊಡುವ ಮೂಲ ಮೊತ್ತ 2019ರಿಂದ 6,160 ಡಾಲರಿನಲ್ಲೇ ನಿಂತಿತ್ತು. 2025ರಲ್ಲಿ ಅದಕ್ಕೆ ಸೇರಿದ್ದು 55 ಡಾಲರ್. ಸಾಲದ್ದಕ್ಕೆ, ಆಸ್ತಿಮೌಲ್ಯ ಹೆಚ್ಚಿರುವ ಡಿಸ್ಟ್ರಿಕ್ಟ್‌ಗಳಿಂದ ರಾಜ್ಯ ಒಂದು ಪಾಲನ್ನು ಎತ್ತಿಕೊಳ್ಳುತ್ತದೆ. ಜನ ಅದಕ್ಕೆ ರಾಬಿನ್ ಹುಡ್ ಎನ್ನುತ್ತಾರೆ. ಪ್ಲೇನೋ ಹಲವು ವರ್ಷ 10 ಕೋಟಿ ಡಾಲರಿಗಿಂತ ಹೆಚ್ಚು ಹೀಗೆ ಕಟ್ಟಿದೆ.

"ಮನೆ ತಗೊಂಡ್ರೆ ಸ್ಕೂಲ್ ಟ್ಯಾಕ್ಸ್ ಎಷ್ಟು ಬೀಳುತ್ತೆ?"

ಆಸ್ತಿ ತೆರಿಗೆಯಲ್ಲಿ ದೊಡ್ಡ ತುಂಡು ಶಾಲೆಯದೇ. 5,00,000 ಡಾಲರ್ ಬೆಲೆಯ ಮನೆ, ನೂರು ಡಾಲರಿಗೆ 1.03 ದರ ಎಂದಿಟ್ಟುಕೊಳ್ಳಿ. ಸ್ವಂತ ವಾಸದ ಮನೆಗೆ ಸಿಗುವ 1,40,000 ಡಾಲರಿನ ಹೋಮ್‌ಸ್ಟೆಡ್ ವಿನಾಯಿತಿ ಕಳೆದರೆ 3,60,000ಕ್ಕೆ ತೆರಿಗೆ: ವರ್ಷಕ್ಕೆ 3,708 ಡಾಲರ್. ಅರ್ಜಿ ಹಾಕುವುದನ್ನು ಮರೆತರೆ 5,150. ಅರ್ಜಿ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಪುಕ್ಕಟೆ. ಡ್ರೈವಿಂಗ್ ಲೈಸೆನ್ಸಿನ ವಿಳಾಸ ಮನೆಯ ವಿಳಾಸಕ್ಕೆ ಹೊಂದಬೇಕು. "ನಾವು ಹಾಕಿಕೊಡ್ತೀವಿ" ಎಂದು ಅಂಚೆಯಲ್ಲಿ ಬರುವ ಶುಲ್ಕದ ಪತ್ರಗಳನ್ನು ಕಸಕ್ಕೆ ಹಾಕಿ.

"ಇಷ್ಟು ಜನ ಬರ್ತಿದ್ದಾರೆ, ಆದ್ರೂ ಸ್ಕೂಲ್ ಮುಚ್ಚುತ್ತಿದ್ದಾರಲ್ಲ?"

ಬರುವವರು ಉತ್ತರದ ಹೊಸ ಬಡಾವಣೆಗಳಿಗೆ ಬರುತ್ತಾರೆ. ಹಳೆಯ ಬಡಾವಣೆಗಳಲ್ಲಿ ಮಕ್ಕಳು ಬೆಳೆದು ಹೋದರು, ಅಪ್ಪ ಅಮ್ಮ ಅದೇ ಮನೆಯಲ್ಲಿ ಉಳಿದರು, ಚಿಕ್ಕ ಮಕ್ಕಳ ಕುಟುಂಬಕ್ಕೆ ಆ ಬೆಲೆ ಎಟುಕುವುದಿಲ್ಲ. 2024-25ರ ಕೊನೆಗೆ ಪ್ಲೇನೋ ನಾಲ್ಕು, ಲೂಯಿಸ್‌ವಿಲ್ ಐದು ಶಾಲೆಗಳನ್ನು ಮುಚ್ಚಿದವು, ಕಾಪೆಲ್ ಒಂದನ್ನು. 2000ದ ಸುಮಾರಿಗೆ ಏಳು ಸಾವಿರ ಮಕ್ಕಳಿದ್ದು ಆಮೇಲೆ 60 ಸಾವಿರ ದಾಟಿದ ಫ್ರಿಸ್ಕೊದಲ್ಲೇ ಈಗ ಸಂಖ್ಯೆ ಇಳಿಮುಖ. ಮನೆ ಕೊಳ್ಳುವವರು ಮಂಡಳಿಯ ಸಭೆಯ ಕಾರ್ಯಸೂಚಿಯಲ್ಲಿ ಗಡಿ ಬದಲಾವಣೆ, ಕಟ್ಟಡಗಳ ಸಮೀಕ್ಷೆ ಎಂಬ ಮಾತು ಇದೆಯೇ ನೋಡಿ. ಪೌರತ್ವ ಇಲ್ಲದವರಿಗೆ ಮತ ಇಲ್ಲ, ಆದರೆ ಸಭೆಯಲ್ಲಿ ಎದ್ದು ಮಾತಾಡಲು ಯಾರೂ ತಡೆಯುವುದಿಲ್ಲ.

"ಮಗಳು ಅಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಬರ್ತಿದ್ದಾಳೆ. ಇಲ್ಲಿ ಎಲ್ಲಿಗೆ?"

ಸಾಮಾನ್ಯವಾಗಿ 11ಕ್ಕೆ, ಆದರೆ ಹೈಸ್ಕೂಲಿನಲ್ಲಿ ತರಗತಿ ನಿರ್ಧಾರವಾಗುವುದು ಕ್ರೆಡಿಟ್ ಲೆಕ್ಕದಿಂದ. ಡಿಪ್ಲೊಮಾಗೆ 22 ಕ್ರೆಡಿಟ್, ಎಂಡಾರ್ಸ್‌ಮೆಂಟ್ (ಆರಿಸಿಕೊಂಡ ಒಂದು ಕ್ಷೇತ್ರದ ಹೆಚ್ಚಿನ ಓದು) ಜೊತೆಗೆ 26. ಅಲ್ಲಿನ 8, 9, 10ನೇ ತರಗತಿಯ ಅಂಕಪಟ್ಟಿ ಮೂರನ್ನೂ, ಸಾಧ್ಯವಾದರೆ ಪಠ್ಯಕ್ರಮದ ಪಟ್ಟಿಯನ್ನೂ ತನ್ನಿ. ಎಸ್ಸೆಸ್ಸೆಲ್ಸಿ 'ಗಣಿತ' ಎಂಬ ಒಂದೇ ಸಾಲನ್ನು ಆಲ್ಜೀಬ್ರಾ, ಜಾಮೆಟ್ರಿ ಎಂದು ಒಡೆದು ಕ್ರೆಡಿಟ್ ಕೊಡಿಸುವುದು ಕೌನ್ಸೆಲರ್ ಕೆಲಸ, ಅವರಿಗೆ ಆಧಾರ ಬೇಕು. ಕನ್ನಡ ಅಥವಾ ಹಿಂದಿ ಓದಿದ್ದನ್ನು ಪರಭಾಷೆಯ ಕ್ರೆಡಿಟ್ ಆಗಿ ಪರಿಗಣಿಸುವಂತೆ ಕೇಳಿ. ಅಮೆರಿಕದ ಇತಿಹಾಸ ಇಲ್ಲೇ ಓದಬೇಕು. ಪ್ಲೇನೋದಲ್ಲಾದರೆ 9-10 ಒಂದು ಕ್ಯಾಂಪಸ್, 11-12ಕ್ಕೆ ಬೇರೆ ಸೀನಿಯರ್ ಹೈಸ್ಕೂಲ್. 11ಕ್ಕೆ ಬರುವ ಮಗುವಿಗೆ ಇದು ಅನುಕೂಲ, ಆ ವರ್ಷ ಎಲ್ಲರೂ ಹೊಸಬರೇ.

"ಟಾಪ್ ಪರ್ಸೆಂಟ್‌ನಲ್ಲಿದ್ರೆ ಯುಟಿ ಆಸ್ಟಿನ್ ಸೀಟ್ ಗ್ಯಾರಂಟಿ ಅಲ್ವಾ?"

ವಿಶ್ವವಿದ್ಯಾಲಯಕ್ಕೆ ಗ್ಯಾರಂಟಿ, ಬೇಕಾದ ವಿಷಯಕ್ಕಲ್ಲ. ಕಂಪ್ಯೂಟರ್ ಸೈನ್ಸಿಗೆ ಬೇರೆಯೇ ಆಯ್ಕೆ. 1997ರ ಕಾನೂನು ಪ್ರತಿ ಹೈಸ್ಕೂಲಿನ ಮೇಲಿನ ಶೇ 10ರವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಕೊಟ್ಟಿತು. ಆಸ್ಟಿನ್‌ನಲ್ಲಿ ಅದು ಇಳಿದು ಇಳಿದು 2026ರ ಪ್ರವೇಶಕ್ಕೆ ಶೇ 5ಕ್ಕೆ ಬಂದಿದೆ. 500 ಮಕ್ಕಳ ತರಗತಿಯಲ್ಲಿ 25 ಜನ. ಎಲ್ಲರೂ ಚೆನ್ನಾಗಿ ಓದುವ ಶಾಲೆಯನ್ನೇ ಹುಡುಕಿ ಹೋಗಿ ಮನೆ ಮಾಡಿದವರಿಗೆ ಈ ಲೆಕ್ಕ ತಡವಾಗಿ ಹೊಳೆಯುತ್ತದೆ. ತಡವಾಗಿ ಸೇರಿದ ವಿದ್ಯಾರ್ಥಿಯ ವಿದೇಶಿ ಅಂಕಗಳು ರ್‍ಯಾಂಕಿಗೆ ಸೇರುತ್ತವೆಯೇ ಎಂಬುದು ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ ಬೇರೆ; ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ.

"ಇಲ್ಲೇ ಬೆಳೆದ ಮಗಳಿಗೆ ಕನ್ನಡಕ್ಕೆ ಕ್ರೆಡಿಟ್ ಸಿಗುತ್ತಾ?"

ಸಿಗುವ ದಾರಿ ಇದೆ. ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಡಬ್ಲ್ಯೂಎಸ್ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಮಾತಾಡಿದರೆ ಸಾಲದು, ಬರೆಯಲೂ ಬರಬೇಕು. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಕ್ಕಳು ಒತ್ತಕ್ಷರದಲ್ಲಿ ಸೋಲುತ್ತಾರೆ. ಹಣ ಕಟ್ಟುವ ಮೊದಲು ಈ ಅಂಕವನ್ನು ಯಾವ ಹಂತದವರೆಗೆ ಒಪ್ಪುತ್ತೀರಿ ಎಂದು ಕೌನ್ಸೆಲರ್‌ರಿಂದ ಇಮೇಲ್ ಪಡೆಯಿರಿ.

"ಅರ್ಧ ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗ್ಬೇಕು. ಏನು ತಗೊಂಡು ಹೋಗಲಿ?"

ಇಲ್ಲಿ ಟಿಸಿ ಎಂಬುದಿಲ್ಲ. ಅದರ ಬದಲು ವಿದ್‌ಡ್ರಾವಲ್ ಫಾರ್ಮ್ ತುಂಬಿಸಿ ಪ್ರತಿ ತೆಗೆದುಕೊಳ್ಳಿ. ಅದನ್ನು ಮಾಡದೆ ವಿಮಾನ ಹತ್ತಿದರೆ ಮಗು ಗೈರುಹಾಜರಿಯ ಪಟ್ಟಿಯಲ್ಲೇ ಉಳಿಯುತ್ತದೆ. ಜೊತೆಗೆ ಮೊಹರು ಮಾಡಿದ ಲಕೋಟೆಯಲ್ಲಿ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಎರಡು ಪ್ರತಿ, ಪ್ರತಿ ವರ್ಷದ ರಿಪೋರ್ಟ್ ಕಾರ್ಡ್, ಲಸಿಕೆ ದಾಖಲೆ, ವಿಶೇಷ ಶಿಕ್ಷಣ ಇದ್ದರೆ ಆ ವರದಿ. ಅಲ್ಲಿನ ಶಾಲೆ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂಬ ಸರ್ಕಾರಿ ದೃಢೀಕರಣ, ಕೇಳಬಹುದು: ಶಾಲೆಯ ಕಾಗದವನ್ನು ನೋಟರಿ ಮಾಡಿಸಿ ಆಸ್ಟಿನ್‌ನಲ್ಲಿರುವ ರಾಜ್ಯ ಕಾರ್ಯದರ್ಶಿಯ ಕಚೇರಿಗೆ ಅಂಚೆಯಲ್ಲಿ ಕಳುಹಿಸಬೇಕು, ವಾರಗಳು ಹಿಡಿಯುತ್ತವೆ. ಶಾಲೆಯ ಲ್ಯಾಪ್‌ಟಾಪ್ ಮತ್ತು ಗ್ರಂಥಾಲಯದ ಪುಸ್ತಕ ಸೂಟ್‌ಕೇಸಿನಲ್ಲಿ ಸೇರಿಕೊಂಡಿಲ್ಲ ತಾನೇ, ಒಮ್ಮೆ ನೋಡಿಕೊಳ್ಳಿ.